ಉತ್ತರಕ್ಕೆ ಮುಂಚಿನ ಮುಖ

ಕಪ್ಪು-ಬಿಳುಪು ಪರದೆಯ ತುಂಬ ಒಂದೇ ಮುಖ. ಬಿಳಿ ಮೀಸೆ, ದುಂಡು ಕನ್ನಡಕ, ಕೈಯಲ್ಲೊಂದು ಪೈಪು. ಎಂಬತ್ತು ದಾಟಿದ ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್, ಜೂರಿಚ್ ಸರೋವರದ ದಂಡೆಯಲ್ಲಿರುವ ತಮ್ಮ ಮನೆಯಲ್ಲಿ ಕುಳಿತಿದ್ದಾರೆ. ಇದು ಬಿಬಿಸಿಯ ‘ಫೇಸ್ ಟು ಫೇಸ್’ ಸರಣಿಯ 1959ರ ಸಂದರ್ಶನ. ಪ್ರಶ್ನೆ ಕೇಳುವ ಜಾನ್ ಫ್ರೀಮನ್ ಕಾಣಿಸುವುದೇ ಅಪರೂಪ. ಕ್ಯಾಮೆರಾ ಹಿರಿಯರ ಮುಖ ಬಿಟ್ಟು ಕದಲುವುದಿಲ್ಲ.

ಮಾತು ಬಾಲ್ಯದಿಂದ ಶುರುವಾಗುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ, ಶಾಲೆಯ ದಾರಿಯಲ್ಲಿ, ಮಂಜಿನಿಂದ ಹೊರಬಂದಂತಾಗಿ ‘ನಾನು’ ಎಂಬ ಅರಿವು ತಟ್ಟನೆ ಮೂಡಿತಂತೆ. ತಂದೆ ಪಾದ್ರಿ. ಹಾಗಾದರೆ ಈಗಲೂ ದೇವರನ್ನು ನಂಬುತ್ತೀರಾ?

‘ಈಗ?’ ಎಂದು ಯೂಂಗ್ ತಡೆಯುತ್ತಾರೆ. ಹೇಳುವುದು ಕಷ್ಟ ಎನ್ನುತ್ತಾರೆ. ಆಮೇಲೆ, ನಂಬುವ ಅಗತ್ಯ ತನಗಿಲ್ಲ, ತನಗೆ ಗೊತ್ತು ಎನ್ನುತ್ತಾರೆ. ನಡುವಿನ ಮೌನಕ್ಕೆ ಫ್ರೀಮನ್ ಕೈಹಾಕುವುದಿಲ್ಲ. ಹಳೆಯ ಸಂದರ್ಶನಗಳನ್ನು ನಾನು ಹುಡುಕಿ ನೋಡುವುದು ಇದಕ್ಕಾಗಿಯೇ. ಪುಸ್ತಕದಲ್ಲಿ ಸಿಗುವುದು ಯೋಚಿಸಿ ಮುಗಿದ ಮೇಲಿನ ವಾಕ್ಯ. ಇಲ್ಲಿ ಯೋಚನೆಯೇ ಮುಖದ ಮೇಲೆ ನಡೆಯುತ್ತದೆ. ಎರಡು ದಶಕದ ಹಿಂದೆ ಮೈಸೂರು ಮಹಾರಾಜರ ಅತಿಥಿಯಾಗಿ ಬಂದು, ಅವರ ಗುರು ವಿ. ಸುಬ್ರಹ್ಮಣ್ಯ ಅಯ್ಯರ್ ಅವರೊಡನೆ ಚರ್ಚಿಸಿದ್ದ ಮನುಷ್ಯ ಇವರೇ ಎಂಬುದು ನೆನಪಾದಾಗ ಆ ಮುಖ ಇನ್ನಷ್ಟು ಹತ್ತಿರವಾಗುತ್ತದೆ.

ಫ್ರಾಯ್ಡ್ ವಿಷಯ ಬರುತ್ತದೆ. ಒಂದು ಕಾಲಕ್ಕೆ ಇಬ್ಬರೂ ಪರಸ್ಪರರ ಕನಸುಗಳನ್ನು ಬಿಡಿಸಿ ನೋಡಿದವರು, ಆಮೇಲೆ ದೂರವಾದವರು. ಫ್ರಾಯ್ಡರ ಕನಸುಗಳಲ್ಲಿ ಏನಿತ್ತು ಎಂದು ಫ್ರೀಮನ್ ಕೇಳುತ್ತಾರೆ. ಅದನ್ನು ಕೇಳಬಾರದು, ವೃತ್ತಿಯ ಗುಟ್ಟು ಎಂಬುದೊಂದಿದೆ, ಎನ್ನುತ್ತಾರೆ ಯೂಂಗ್. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತಲ್ಲ? ಆಗಿದೆ, ಆದರೆ ಇಂಥ ಮರ್ಯಾದೆ ಆಯುಸ್ಸಿಗಿಂತ ದೀರ್ಘವಾದದ್ದು. ಮುರಿದುಬಿದ್ದ ಸ್ನೇಹದ ಬಗ್ಗೆ ಇಷ್ಟು ಘನತೆಯ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಸಾವಿನ ಪ್ರಶ್ನೆಗೂ ಅಳುಕಿಲ್ಲ. ವಯಸ್ಸಾದವರು ಇನ್ನೂ ಶತಮಾನಗಳು ಬಾಕಿ ಇವೆಯೆಂಬಂತೆ ಬದುಕಬೇಕು ಎನ್ನುತ್ತಾರೆ.

ಕಾರ್ಯಕ್ರಮ ನೋಡಿದ ಪ್ರಕಾಶಕರೊಬ್ಬರಿಗೆ ಯೂಂಗ್ ಜನಸಾಮಾನ್ಯರಿಗಾಗಿ ಬರೆಯಬೇಕೆನಿಸಿತು. ಕೇಳಲು ಹೋದವರು ಫ್ರೀಮನ್. ಯೂಂಗ್ ಒಪ್ಪಲಿಲ್ಲ. ಆದರೆ ಅಪರಿಚಿತರಿಂದ ಪತ್ರಗಳು ರಾಶಿ ಬಿದ್ದವು. ದೊಡ್ಡ ಜನಸಂದಣಿಯ ಮುಂದೆ ತಾನು ಮಾತಾಡಿದಂತೆ, ಅದು ಅವರಿಗೆ ಅರ್ಥವಾದಂತೆ ಕನಸೂ ಬಿತ್ತು. ಒಪ್ಪಿದರು. ತಮ್ಮ ಪಾಲಿನ ಬರವಣಿಗೆಯನ್ನು ಕೊನೆಯ ಕಾಯಿಲೆಗೆ ಸ್ವಲ್ಪ ಮೊದಲು ಮುಗಿಸಿ, 1961ರ ಜೂನ್‌ನಲ್ಲಿ ತೀರಿಕೊಂಡರು. ಹೀಗೆ ಹುಟ್ಟಿದ ಪುಸ್ತಕ ‘ಮ್ಯಾನ್ ಅಂಡ್ ಹಿಸ್ ಸಿಂಬಲ್ಸ್’ 1964ರಲ್ಲಿ ಓದುಗರ ಕೈಗೆ ಬಂತು.