ಕುದ್ರೋಳಿಯಲ್ಲೊಂದು ಮನೆ

'ಮನೆ ಕಟ್ಟಿ ನೋಡು' ಎಂದರು ಹಿರಿಯರು. ಮಂಗಳೂರಿನಲ್ಲಿ ಕಟ್ಟಿದ ಮನೆಯನ್ನು ಕೊಳ್ಳುವವರಿಗೂ ಅಷ್ಟೇ ಎಚ್ಚರ ಬೇಕು. ಇಲ್ಲಿ ಮನೆ ಒಬ್ಬರದು, ಅದರ ಅಡಿಯ ನೆಲ ಇನ್ನೊಬ್ಬರದು ಆಗಿರುವುದುಂಟು. ಇದೇ ಮೂಲಗೇಣಿ. ಮೂಲಗೇಣಿದಾರನು ವರ್ಷಕ್ಕಿಷ್ಟೆಂದು ಗೊತ್ತಾದ ಗೇಣಿ ಕೊಟ್ಟು ತಲೆಮಾರುಗಟ್ಟಲೆ ನೆಲವನ್ನು ಅನುಭವಿಸುತ್ತಾನೆ. ಒಡೆತನ ಮಾತ್ರ ವರ್ಗದಾರನದು. ಪರಿಹಾರ ಕೊಟ್ಟ ಮೂಲಗೇಣಿದಾರನಿಗೆ ಒಡೆತನ ದೊರಕಲೆಂದು ರಾಜ್ಯದಲ್ಲಿ 2011ರ ಕಾಯಿದೆಯೊಂದು ಹುಟ್ಟಿತು. ಆದುದರಿಂದ ಮುಂಗಡ ಕೊಡುವ ಮೊದಲೇ ಮೂಲಪತ್ರ, ಋಣಭಾರ ಪತ್ರ, ಖಾತೆಗಳನ್ನು ವಕೀಲರಿಗೆ ತೋರಿಸಿ, ಹಕ್ಕು ಮೂಲಗೇಣಿಯದೋ ವರ್ಗದ್ದೋ ಎಂದು ತಿಳಿಯುವುದು ಲೇಸು. ಒಂದು ಜನ್ಮದ ಉಳಿತಾಯ ಆ ಒಂದು ಶಬ್ದದ ಮೇಲೆ ನಿಂತಿರುತ್ತದೆ.

ಇನ್ನು ನೆರೆಹೊರೆಯ ವಿಚಾರ. ಕುದ್ರೋಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲವೂ ಕಿವಿಗೆ ಬೀಳುತ್ತವೆ; ಗುಡಿಯ ಗಂಟೆಯೂ ಕೇಳುತ್ತದೆ, ಮಸೀದಿಯ ಬಾಂಗೂ ಕೇಳುತ್ತದೆ. ಅಂದು ಇತರ ಗುಡಿಗಳಲ್ಲಿ ಪ್ರವೇಶವಿಲ್ಲದಿದ್ದ ಬಿಲ್ಲವರಿಗಾಗಿ ನಾರಾಯಣ ಗುರುಗಳು 1912ರಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠೆ ಮಾಡಿದ ನೆಲವಿದು. ಜಾತಿ ಮತ ಕೇಳಿ ಬಾಗಿಲು ಮುಚ್ಚುವುದು ಇಂಥ ಊರಿಗೆ ಒಪ್ಪುವ ನಡತೆಯಲ್ಲ. ಮಾರುವವರು ಬೆಲೆಯನ್ನು ಕೇಳಲಿ. ಕೊಳ್ಳುವವರು, ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುವುದೇ, ಆಟಿಯ ಮಳೆಗೆ ಅಂಗಳದ ನೀರು ಎತ್ತ ಹರಿಯುವುದು ಎಂದು ಕೇಳಲಿ. ಇದಕ್ಕೆ ಯಾವ ಪತ್ರದಲ್ಲಿಯೂ ಉತ್ತರವಿಲ್ಲ, ಹೇಳಬಲ್ಲವರು ನೆರೆಯವರೇ.