ಮಾರ್ಪಡಿಸಿದ ಸಿಬಿ ರೇಡಿಯೋ ಕೆಟ್ಟಿದೆಯೇ? ರಿಪೇರಿಗೆ ಕೊಡುವ ಮುನ್ನ ಇದನ್ನು ಓದಿ

"ಒಳಗಿನ ಒಂದು ತಂತಿ ಕತ್ತರಿಸಿದರೆ ಸಾಕು, ರೇಡಿಯೋದ ಶಕ್ತಿ ದುಪ್ಪಟ್ಟಾಗುತ್ತದೆ." ಅಮೆರಿಕದ ಟ್ರಕ್ ಚಾಲಕರ ನಡುವೆ ದಶಕಗಳಿಂದ ಓಡಾಡುತ್ತಿರುವ ಮಾತಿದು. ಹೀಗೆ ಯಾರೋ ಕೈಯಾಡಿಸಿದ ಹಳೆಯ ಸಿಬಿ ರೇಡಿಯೋಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಇಂದಿಗೂ ಸಿಗುತ್ತವೆ. ಅಂಥದ್ದೊಂದು ಕೆಟ್ಟು ಕೂತರೆ ರಿಪೇರಿ ಮಾಡಿಸಬೇಕೇ, ಬಿಡಬೇಕೇ? ಬನ್ನಿ, ನೋಡೋಣ.

ಸಿಬಿ ರೇಡಿಯೋ ಎಂದರೇನು?

ಸಿಟಿಜನ್ಸ್ ಬ್ಯಾಂಡ್ ಎಂಬುದರ ಚಿಕ್ಕ ರೂಪವೇ ಸಿಬಿ. ಸಾಮಾನ್ಯ ಜನರು ಪರೀಕ್ಷೆ ಬರೆಯದೆ ಬಳಸಬಹುದಾದ ಎರಡೂ ಕಡೆಯ ಮಾತಿನ ರೇಡಿಯೋ ಇದು. ಅಮೆರಿಕದಲ್ಲಿ ಈಗ ಬಳಕೆಯಲ್ಲಿರುವ 27 ಮೆಗಾಹರ್ಟ್ಸ್ ಬ್ಯಾಂಡ್ 1958ರಲ್ಲಿ ಜನರಿಗೆ ತೆರೆಯಿತು. 1977ರಲ್ಲಿ ಚಾನೆಲ್‌ಗಳ ಸಂಖ್ಯೆ 23ರಿಂದ 40ಕ್ಕೆ ಏರಿತು. ಎಎಂ ಪ್ರಸಾರದ ಶಕ್ತಿ 4 ವ್ಯಾಟ್ ಮೀರುವಂತಿಲ್ಲ.

ನಂಬಿಕೆ: ಶಕ್ತಿ ಹೆಚ್ಚಿದಷ್ಟೂ ಮಾತು ದೂರ ಹೋಗುತ್ತದೆ

ಇದು ಅರ್ಧ ಸತ್ಯ. 4 ವ್ಯಾಟನ್ನು 16 ವ್ಯಾಟ್ ಮಾಡಿದರೂ, ಅಂದರೆ ನಾಲ್ಕು ಪಟ್ಟು ಏರಿಸಿದರೂ, ಕೇಳುವವರ ಸಿಗ್ನಲ್ ಮೀಟರಿನಲ್ಲಿ ಏರುವುದು ಸುಮಾರು ಒಂದೇ ಒಂದು ಅಂಕ. ದೂರ ಹೆಚ್ಚಿಸಲು ಆಂಟೆನಾ ಮೇಲೆ ಹಣ ಹಾಕುವುದು ಮೇಲು. 27 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 11 ಮೀಟರ್. ಅದರ ಕಾಲು ಭಾಗ, ಅಂದರೆ ಸುಮಾರು 2.7 ಮೀಟರ್ ಉದ್ದದ ಆಂಟೆನಾ ಸರಿಯಾಗಿ ಕೂತರೆ 4 ವ್ಯಾಟಿನಲ್ಲೇ ಒಳ್ಳೆಯ ಕೆಲಸ ಆಗುತ್ತದೆ.

"ತಂತಿ ಕತ್ತರಿಸುವ" ಕೆಲಸದಲ್ಲಿ ಬಹಳ ಸಲ ಕಿತ್ತು ಹಾಕುವುದು ದನಿಯ ಮಿತಿ ಕಾಯುವ ಭಾಗವನ್ನು. ಅದು ಹೋದ ಮೇಲೆ ಮಾತು ಜೋರಾಗಿ ಕೇಳುತ್ತದೆ ನಿಜ. ಆದರೆ ದನಿ ಒಡೆಯುತ್ತದೆ, ಪಕ್ಕದ ಚಾನೆಲ್‌ಗಳಿಗೂ ಚೆಲ್ಲುತ್ತದೆ. ಚಾನೆಲ್‌ಗಳ ನಡುವಿನ ಅಂತರ ಬಹುಪಾಲು 10 ಕಿಲೋಹರ್ಟ್ಸ್ ಮಾತ್ರ.

ಇದರಿಂದ ಬೇರೆಯವರಿಗೆ ಏನು ತೊಂದರೆ?

ಕೆಟ್ಟದಾಗಿ ಮಾರ್ಪಡಿಸಿದ ರೇಡಿಯೋ ತನ್ನ ಆವರ್ತನದ ಎರಡು, ಮೂರು, ನಾಲ್ಕು ಪಟ್ಟಿನಲ್ಲೂ ಸಿಗ್ನಲ್ ಉಗುಳುತ್ತದೆ. ಟ್ರಕ್ ಚಾಲಕರ ಮೆಚ್ಚಿನ 19ನೇ ಚಾನೆಲ್ ಇರುವುದು 27.185 ಮೆಗಾಹರ್ಟ್ಸ್‌ನಲ್ಲಿ. ಅದರ ಎರಡು ಪಟ್ಟು ಅಮೆರಿಕದ ಟಿವಿ ಚಾನೆಲ್ 2ರ ಜಾಗಕ್ಕೆ ಬೀಳುತ್ತದೆ. ನಾಲ್ಕು ಪಟ್ಟು ಎಂದರೆ 108.74. ವಿಮಾನಗಳಿಗೆ ದಾರಿ ತೋರುವ ಸಂಕೇತಗಳು 108ರಿಂದ 118 ಮೆಗಾಹರ್ಟ್ಸ್ ನಡುವೆ ಇರುತ್ತವೆ. ಕಾನೂನು ಮಿತಿ ಹಾಕಿರುವುದು ಸುಮ್ಮನೆ ಅಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಹಾಗಾದರೆ ರಿಪೇರಿ ಮಾಡಿಸಬೇಕೇ? ಮೂರು ಪ್ರಶ್ನೆ ಕೇಳಿಕೊಳ್ಳಿ

1. ಕೆಟ್ಟಿರುವುದು ಏನು? ಆನ್ ಆಗುತ್ತಲೇ ಇಲ್ಲ ಎಂದರೆ ಪ್ಲಸ್, ಮೈನಸ್ ಅದಲು ಬದಲಾಗಿ ಫ್ಯೂಸ್ ಮತ್ತು ರಕ್ಷಣೆಯ ಡಯೋಡ್ ಹೋಗಿರಬಹುದು. ಇದು ಅಗ್ಗದ ರಿಪೇರಿ. ಕೇಳಿಸುತ್ತದೆ, ಆದರೆ ಮಾತು ಹೊರಗೆ ಹೋಗುತ್ತಿಲ್ಲ ಎಂದಾಗ ಮೊದಲು ಮೈಕ್ ಮತ್ತು ಅದರ ತಂತಿ ನೋಡಿ. ಅವು ಸರಿ ಇದ್ದರೆ ಅನುಮಾನ ಕೊನೆಯ ಹಂತದ ಪವರ್ ಟ್ರಾನ್ಸಿಸ್ಟರ್ ಮೇಲೆ. ಹೆಚ್ಚು ಶಕ್ತಿ ಹಿಂಡಿದಾಗ, ಆಂಟೆನಾ ಇಲ್ಲದೆ ಅಥವಾ ಹೊಂದದ ಆಂಟೆನಾದಲ್ಲಿ ಮಾತನಾಡಿದಾಗ ಸುಡುವುದು ಇದೇ. ಕಾರಣ ಸರಿಪಡಿಸದೆ ಹೊಸದು ಹಾಕಿದರೆ ಅದೂ ಸುಡುತ್ತದೆ.

2. ಮಾರ್ಪಾಡನ್ನು ಹಿಂದಕ್ಕೆ ತರಬಹುದೇ? ಕತ್ತರಿಸಿದ ಒಂದು ಭಾಗವನ್ನು ಮತ್ತೆ ಬೆಸೆಯುವುದು ಸುಲಭ. ಸರ್ಕ್ಯೂಟ್ ನಕ್ಷೆ ಸಿಗುತ್ತಿಲ್ಲ, ಎಲ್ಲ ಕಾಯಿಲ್‌ಗಳನ್ನೂ ತಿರುಗಿಸಿದ್ದಾರೆ, ಬೋರ್ಡಿನ ಗೆರೆಗಳು ಎದ್ದಿವೆ ಎಂದಾದರೆ ಕೂಲಿಯೇ ರೇಡಿಯೋದ ಬೆಲೆ ದಾಟುತ್ತದೆ. ಅಂಥದ್ದನ್ನು ಬಿಡಿಭಾಗಕ್ಕೆ ಇಟ್ಟುಕೊಳ್ಳುವುದೇ ಜಾಣತನ.

3. ರಿಪೇರಿಯಾದ ಮೇಲೆ ಬಳಸಲು ಅನುಮತಿ ಇದೆಯೇ? ಅಮೆರಿಕದಲ್ಲಿ ಶಕ್ತಿ ಹೆಚ್ಚಿಸಲು ಮಾರ್ಪಡಿಸಿದ ಸಿಬಿ ಬಳಸುವುದು ನಿಯಮಬಾಹಿರ. ಹಾಗಾಗಿ "ರಿಪೇರಿ" ಎಂದರೆ ಮೂಲ ಸ್ಥಿತಿಗೆ ತರುವುದು ಎಂದೇ ಅರ್ಥ. ಹ್ಯಾಮ್ ಪರವಾನಗಿ ಇರುವವರಿಗೆ ಇನ್ನೊಂದು ದಾರಿ ಇದೆ: ಪಕ್ಕದ 28 ಮೆಗಾಹರ್ಟ್ಸ್ ಹ್ಯಾಮ್ ಬ್ಯಾಂಡಿಗೆ ಅದನ್ನು ಸರಿಯಾಗಿ ಬದಲಿಸಿಕೊಳ್ಳುವುದು.

ಅಮೆರಿಕದಿಂದ ಊರಿಗೆ ತರಬಹುದೇ?

ತರುವ ಮುನ್ನ ಯೋಚಿಸಿ. ಭಾರತದಲ್ಲಿ 2005ರಿಂದ 26.957ರಿಂದ 27.283 ಮೆಗಾಹರ್ಟ್ಸ್ ವರೆಗೆ ಪರವಾನಗಿ ಬೇಡ. ಆದರೆ ಶಕ್ತಿ 5 ವ್ಯಾಟ್ ಒಳಗಿರಬೇಕು, ಆಂಟೆನಾ ಉಪಕರಣದಲ್ಲೇ ಅಡಕವಾಗಿರಬೇಕು. ಅಮೆರಿಕದ 40 ಚಾನೆಲ್‌ಗಳಲ್ಲಿ ಈ ಮಿತಿಯೊಳಗೆ ಬರುವುದು 1ರಿಂದ 27ರ ವರೆಗೆ ಮಾತ್ರ. 28ನೆಯದು 27.285ರಲ್ಲಿದೆ, ಅಂದರೆ ಗಡಿಯಾಚೆ. ಕಾರಿನ ಮೇಲೆ ಪ್ರತ್ಯೇಕ ಆಂಟೆನಾ ಹಾಕುವ ಸೆಟ್‌ಗೆ ಈ ವಿನಾಯಿತಿ ಸಿಗದು. ಮಾರ್ಪಡಿಸಿದ ಸೆಟ್ ಮಾತಂತೂ ದೂರವೇ ಉಳಿಯಿತು.

ಕೊನೆಯದಾಗಿ

ಚಿಕ್ಕ ದೋಷ, ಹಿಂದಕ್ಕೆ ತರಬಹುದಾದ ಮಾರ್ಪಾಡು, ಬಳಸಲು ಕಾನೂನಿನ ಅವಕಾಶ: ಈ ಮೂರೂ ಇದ್ದರೆ ರಿಪೇರಿ ಮಾಡಿಸಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಹಣ ಹಾಕಬೇಡಿ. ರಿಪೇರಿಯಾದ ಸೆಟ್ಟನ್ನು ಮೊದಲು ಆಂಟೆನಾಗೆ ಜೋಡಿಸದೆ, 50 ಓಮ್ ಡಮ್ಮಿ ಲೋಡ್‌ಗೆ ಜೋಡಿಸಿ ಶಕ್ತಿ ಅಳೆಯಲು ಹೇಳಿ. ಮೀಟರ್ 4 ವ್ಯಾಟ್ ತೋರಿಸಿದರೆ ಸಾಕು. ಅದಕ್ಕಿಂತ ಹೆಚ್ಚು ತೋರಿಸಿದರೆ ಹೆಮ್ಮೆಪಡಬೇಡಿ, ವಾಪಸ್ ಕೊಟ್ಟು ಸರಿಮಾಡಿಸಿ.