ತೋಟದ ಬಣ್ಣದ ನೊಣಗಳನ್ನು ಗುರುತಿಸುವ ಬಗೆ

ಹೊಸೂರು ರಸ್ತೆಯ ಮಗ್ಗುಲಲ್ಲಿರುವ ಸಿಂಗಸಂದ್ರದಲ್ಲಿ ಹೊಲಗಳು ಬಹುಮಟ್ಟಿಗೆ ಮನೆಗಳಾಗಿ ಹೋಗಿದ್ದರೂ, ಹಿತ್ತಲಲ್ಲಿಯೂ ಮಾಳಿಗೆಯ ಮೇಲೂ ಹೀರೆ, ಹಾಗಲ, ಅಲಸಂದೆಗಳನ್ನು ಬೆಳೆಯತಕ್ಕವರು ಉಂಟು. ಹಳದಿ ಪಟ್ಟೆಯ ಸಣ್ಣ ನೊಣಗಳು ಬಂದಿವೆ, ಅವನ್ನು ಕೊಲ್ಲುವುದು ಹೇಗೆಂದು ಇವರು ನಮ್ಮನ್ನು ಪದೇ ಪದೇ ಕೇಳುವರು. ಕೊಲ್ಲುವುದಕ್ಕೆ ಮುಂಚೆ ಅದು ಯಾವ ನೊಣವೆಂಬುದನ್ನು ನೋಡತಕ್ಕದ್ದು. ಇವುಗಳಲ್ಲಿ ಒಂದು ಕಾಯಿಯನ್ನು ಕೆಡಿಸುವುದು, ಇನ್ನೊಂದು ಬೆಳೆಯನ್ನು ಕಾಯುವುದು.

ಮೊದಲು ರೆಕ್ಕೆಗಳನ್ನು ಎಣಿಸಬೇಕು. ಜೇನಿಗೂ ಕಣಜಕ್ಕೂ ನಾಲ್ಕು ರೆಕ್ಕೆಗಳು, ನೊಣಕ್ಕೆ ಎರಡೇ. ಹಿಂದಿನ ರೆಕ್ಕೆಗಳ ಸ್ಥಾನದಲ್ಲಿ ಗುಂಡುತಲೆಯ ಎರಡು ಪುಟ್ಟ ಕಡ್ಡಿಗಳು ಮಾತ್ರ ಇರುವುವು.

ಹೂನೊಣವು ಗಾಳಿಯಲ್ಲಿ ಒಂದೇ ಕಡೆ ನಿಂತಂತೆ ಹಾರುತ್ತಿದ್ದು, ತಟ್ಟನೆ ಮಗ್ಗುಲಿಗೆ ಜಾರಿ ಪುನಃ ನಿಲ್ಲುವುದು. ಹೊಟ್ಟೆಯ ಮೇಲೆ ಕಪ್ಪು ಹಳದಿ ಅಡ್ಡಪಟ್ಟೆಗಳು, ಕಣ್ಣುಗಳು ದೊಡ್ಡವು. ಕಣಜದ ವೇಷವಿದ್ದರೂ ಇದು ಕುಟುಕಲಾರದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣುವ ಇಸ್ಕಿಯೋಡಾನ್ ಸ್ಕುಟೆಲ್ಲಾರಿಸ್ ಎಂಬುದು ಈ ಜಾತಿಯದು. ಹೆಣ್ಣುನೊಣವು ಹೇನು ಮುತ್ತಿದ ಚಿಗುರಿನ ಬಳಿ ಬಿಳಿಯ ಮೊಟ್ಟೆಗಳನ್ನು ಒಂದೊಂದಾಗಿ ಇಡುವುದು. ಅದರಿಂದ ಹೊರಡುವ ಮರಿಹುಳು ಹೇನನ್ನು ಕಚ್ಚಿ ಎತ್ತಿ ಹಿಡಿದು ರಸವನ್ನು ಹೀರಿ, ಸಿಪ್ಪೆಯನ್ನು ಬಿಸಾಡುವುದು. ಬೆಳೆದು ದೊಡ್ಡದಾಗುವಷ್ಟರಲ್ಲಿ ನೂರಾರು ಹೇನುಗಳನ್ನು ಮುಗಿಸುವುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಲೇಖಕನೂ ಅದನ್ನು ಎಲೆ ತಿನ್ನುವ ಹುಳುವೆಂದೆಣಿಸಿ ಹೊಸಕಿದ್ದುಂಟು. ಎಲೆ ತಿನ್ನುವ ಹುಳುವಿಗೆ ಕಾಲುಗಳೂ ಸ್ಪಷ್ಟವಾದ ತಲೆಯೂ ಇರುವುವು; ಇದಕ್ಕೆ ಕಾಲುಗಳಿಲ್ಲ, ಮುಂತುದಿಯು ಚೂಪಾಗಿರುವುದು. ಅಲಸಂದೆಯ ಕರಿಹೇನಿಗೆ ಔಷಧ ಹೊಡೆದವರು ಕೆಲವು ದಿನಗಳಲ್ಲಿಯೇ ಹೇನು ಮರಳಿತೆಂದು ದೂರುವುದುಂಟು. ಔಷಧದಿಂದ ಈ ಮರಿಹುಳುವೂ ಸತ್ತಿದ್ದರೆ, ಉಳಿದ ಹೇನುಗಳನ್ನು ತಡೆಯತಕ್ಕವರು ಯಾರು?

ಕೆಡಿಸತಕ್ಕ ನೊಣವು ಬೇರೆ. ಹೀರೆ, ಹಾಗಲ, ಕುಂಬಳಗಳ ಹಣ್ಣುನೊಣವು ಕೆಂಗಂದು ಮೈಯುಳ್ಳದ್ದು. ಬೆನ್ನಿನ ಮೇಲೆ ಉದ್ದುದ್ದವಾಗಿ ಮೂರು ಹಳದಿ ಗೆರೆಗಳು. ರೆಕ್ಕೆಯ ತುದಿಯಲ್ಲಿ ಕಂದು ಮಚ್ಚೆ. ಹೆಣ್ಣಿನ ಹೊಟ್ಟೆಯ ತುದಿಯು ಸೂಜಿಯಂತಿರುವುದು. ಅದರಿಂದ ಎಳೆಗಾಯಿಯನ್ನು ಚುಚ್ಚಿ ಒಳಗೆ ಮೊಟ್ಟೆಯಿಡುವುದು. ಇದಕ್ಕೆ 1899ರಲ್ಲಿ ಶಾಸ್ತ್ರೀಯ ಹೆಸರು ದೊರೆತದ್ದು ಹವಾಯಿ ದ್ವೀಪದ ನೊಣಗಳಿಂದ. ಆದರೆ ಅಲ್ಲಿಗೆ ಅದು ಹೋದದ್ದು ಏಷ್ಯಾಖಂಡದಿಂದಲೇ. ಮಾವಿನ ಹಣ್ಣುನೊಣದ ಬೆನ್ನು ಕಪ್ಪು. ಎರಡು ಪಕ್ಕಗಳಲ್ಲಿ ಒಂದೊಂದು ಹಳದಿ ಗೆರೆ ಮಾತ್ರ.

ಹಸಿರು ಲೋಹದಂತೆ ಮಿನುಗುತ್ತ, ಉದ್ದಕಾಲುಗಳಿಂದ ಎಲೆಯ ಮೇಲೆ ಓಡಾಡುವ ಚಿಕ್ಕ ನೊಣವು ಸಣ್ಣ ಕೀಟಗಳನ್ನು ಹಿಡಿದು ತಿನ್ನತಕ್ಕದ್ದು. ಅದನ್ನು ಅದರ ಪಾಡಿಗೆ ಬಿಡಿರಿ.

ಹಣ್ಣುನೊಣ ತಗಲಿದ ಕಾಯಿಗಳನ್ನು ಗೊಬ್ಬರದ ಗುಂಡಿಗೆ ಎಸೆಯಕೂಡದು. ಹುಳುಗಳು ಅಲ್ಲಿಯೇ ಮಣ್ಣಿಗಿಳಿದು ಕೋಶವಾಗಿ ಪುನಃ ನೊಣಗಳಾಗುವುವು. ಅಂಥವನ್ನು ದಿನದಿನವೂ ಆಯ್ದು ಒಂದು ಮೊಳ ಆಳಕ್ಕೆ ಹೂಳಿ, ಮೇಲಿನ ಮಣ್ಣನ್ನು ತುಳಿದು ಗಟ್ಟಿಮಾಡಬೇಕು. ಬಳ್ಳಿಯ ಬುಡದ ಮಣ್ಣನ್ನು ಆಗಾಗ ಕೆದಕುತ್ತಿದ್ದರೆ ಕೋಶಗಳು ಬಿಸಿಲಿಗೂ ಇರುವೆಗಳಿಗೂ ಸಿಕ್ಕುವುವು. ಕೆಲವೇ ಬಳ್ಳಿಗಳುಳ್ಳವರು ಎಳೆಗಾಯಿಗಳಿಗೆ ಕಾಗದದ ಚೀಲ ಕಟ್ಟುವುದು ಲೇಸು. ಗಂಡುನೊಣಗಳನ್ನು ಸೆಳೆಯುವ ಬೋನುಗಳೂ ಈಗ ದೊರೆಯುತ್ತವೆ. ಬಳ್ಳಿಯ ನೊಣಕ್ಕೆ ಕ್ಯೂಲೂರ್, ಮಾವಿನ ನೊಣಕ್ಕೆ ಮೀಥೈಲ್ ಯೂಜಿನಾಲ್. ಒಂದಕ್ಕೆ ಬದಲಾಗಿ ಇನ್ನೊಂದನ್ನು ಕೊಂಡು ತಂದರೆ ಬೋನು ಬರಿದಾಗಿಯೇ ತೂಗಾಡುತ್ತಿರುವುದು.